ಹೊಸ ವಿನ್ಯಾಸ ಬಂತು, ಹಳಬರು ಹೊರಟರು

ಎಲ್ಲರಿಗೂ ನಮಸ್ಕಾರ. ಜಾಲತಾಣಗಳ ವಿನ್ಯಾಸ ಕಲಿಯುತ್ತಿರುವ ನಿಮ್ಮ ಮುಂದೆ ಇವತ್ತು ಸ್ಲಾಶ್‌ಡಾಟ್ ಎಂಬ ತಾಣದ ಕತೆ ಹೇಳಬೇಕೆಂದು ಬಂದಿದ್ದೇನೆ. 1997ರಲ್ಲಿ ಅಮೆರಿಕದ ರಾಬ್ ಮಾಲ್ಡಾ ಶುರು ಮಾಡಿದ್ದು. ತಂತ್ರಜ್ಞಾನದ ಸುದ್ದಿಯ ಒಂದು ಪುಟ್ಟ ಪ್ಯಾರಾ, ಅದರ ಕೆಳಗೆ ನೂರಾರು ಕಾಮೆಂಟು. ಸುದ್ದಿ ಬೇರೆ ಕಡೆಯೂ ಸಿಗುತ್ತಿತ್ತು. ಜನ ಬರುತ್ತಿದ್ದುದು ಕಾಮೆಂಟು ಓದಲಿಕ್ಕೆ, ಬರೆಯಲಿಕ್ಕೆ.

ಅಷ್ಟೊಂದು ಕಾಮೆಂಟಿನಲ್ಲಿ ಓದಬೇಕಾದದ್ದನ್ನು ಹೆಕ್ಕುವುದು ಹೇಗೆ? ಅದಕ್ಕೆ ಅವರು ಕಟ್ಟಿಕೊಂಡ ವ್ಯವಸ್ಥೆ ಕಂಡರೆ ನನಗೆ ಈಗಲೂ ಬೆರಗು. ಪ್ರತಿ ಕಾಮೆಂಟಿಗೂ ಮೈನಸ್ 1ರಿಂದ 5ರವರೆಗೆ ಅಂಕ. ಅಂಕ ಕೊಡುತ್ತಿದ್ದವರು ಬಹುಮಟ್ಟಿಗೆ ಸದಸ್ಯರೇ; ನಿಯಮಿತವಾಗಿ ಬರುವವರಲ್ಲಿ ಕೆಲವರಿಗೆ ಆಗಾಗ ಆ ಸರದಿ ಸಿಗುತ್ತಿತ್ತು. ಕೈಗೆ ಬರುವ ಅಂಕ ಬೆರಳೆಣಿಕೆಯಷ್ಟು, ಬೇಗ ಬಳಸದಿದ್ದರೆ ರದ್ದು. ಅಂಕ ಕೊಟ್ಟ ಚರ್ಚೆಯಲ್ಲೇ ತಾನೂ ಬರೆದರೆ ಕೊಟ್ಟ ಅಂಕ ಹೋಯಿತು. ಆ ಅಂಕ ನ್ಯಾಯವಾಗಿತ್ತೇ ಎಂದು ಬೇರೆ ಸದಸ್ಯರು ತೂಗಿ ನೋಡುತ್ತಿದ್ದರು. ಓದುವವರು ತಮಗೆ ಬೇಕಾದ ಮಿತಿ ಇಟ್ಟುಕೊಂಡು ಅದಕ್ಕಿಂತ ಕೆಳಗಿನದನ್ನು ಮಡಚಿಡಬಹುದಿತ್ತು. ಒತ್ತೊತ್ತಾದ ಸಾಲು, ಉತ್ತರದೊಳಗೆ ಉತ್ತರ. ಪುಟ ಚೆಂದವಿರಲಿಲ್ಲ ನಿಜ, ಆದರೆ ಯಾರು ಯಾರಿಗೆ ಏನು ಹೇಳಿದರೆಂಬುದು ಕಣ್ಣಾಡಿಸಿದರೆ ಸಾಕು, ತಿಳಿಯುತ್ತಿತ್ತು. ಆ ಸಮುದಾಯದ ಕಟ್ಟುಕಟ್ಟಳೆಗಳೆಲ್ಲ ಪುಟದ ರೂಪದಲ್ಲೇ ಇದ್ದವು.

2012ರಲ್ಲಿ ಡೈಸ್ ಎಂಬ ಕಂಪನಿ ತಾಣವನ್ನು ಕೊಂಡಿತು. ಮರುವರ್ಷ ಹೊಸ ವಿನ್ಯಾಸದ ಬೀಟಾ, ಅಂದರೆ ಪ್ರಾಯೋಗಿಕ ರೂಪ, ಬಂತು: ದೊಡ್ಡ ಚಿತ್ರಗಳು, ಧಾರಾಳ ಖಾಲಿ ಜಾಗ, ಮೂಲೆಗೆ ಸರಿದ ಕಾಮೆಂಟು. 2014ರ ಫೆಬ್ರುವರಿಯಲ್ಲಿ ಓದುಗರಲ್ಲಿ ಒಂದು ಪಾಲನ್ನು ಕೇಳದೆಯೇ ಅಲ್ಲಿಗೆ ತಿರುಗಿಸಿದಾಗ ಸಿಟ್ಟು ಒಡೆಯಿತು. ಯಾವ ಸುದ್ದಿ ತೆರೆದರೂ ಕೆಳಗೆ ಬೀಟಾ ವಿರುದ್ಧದ ಮಾತೇ. ಫೆಬ್ರುವರಿ 10ರಿಂದ ಒಂದು ವಾರ ತಾಣಕ್ಕೆ ಕಾಲಿಡುವುದಿಲ್ಲವೆಂದು ಸದಸ್ಯರು ಬಹಿಷ್ಕಾರ ಹೂಡಿದರು. ಸ್ಲಾಶ್‌ಡಾಟಿನ ಹಳೆಯ ತಂತ್ರಾಂಶ ಮುಕ್ತವಾಗಿ ಲಭ್ಯವಿತ್ತಲ್ಲ, ಕೆಲವರು ಅದನ್ನೇ ಎತ್ತಿಕೊಂಡು ರಿಪೇರಿ ಮಾಡಿ ಅದೇ ತಿಂಗಳು ಸಾಯ್ಲೆಂಟ್‌ನ್ಯೂಸ್ ಎಂಬ ತಮ್ಮದೇ ತಾಣ ತೆರೆದರು. ಬಿಟ್ಟು ಹೋದವರಿಗೆ ಬೇಕಾಗಿದ್ದದ್ದು ಹೊಸತೇನೂ ಅಲ್ಲ, ತಾವು ಬಳಸುತ್ತಿದ್ದ ಪುಟವೇ.

ಸದಸ್ಯರ ಮತದಿಂದ ಸುದ್ದಿಯ ಕೊಂಡಿಗಳು ಮೇಲೇರುತ್ತಿದ್ದ ಡಿಗ್ ತಾಣದ ಪಾಡು ಇನ್ನೂ ಕೆಟ್ಟದು. 2010ರ ಆಗಸ್ಟಿನಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ, ಬೇಡದ ಸುದ್ದಿಯನ್ನು ಕೆಳಕ್ಕೆ ತಳ್ಳುವ ಬಟನ್ನೇ ಮಾಯ. ಪ್ರಕಾಶಕರು ತಮ್ಮ ಸುದ್ದಿಯನ್ನು ತಾವೇ ಸ್ವಯಂಚಾಲಿತವಾಗಿ ತುಂಬಬಹುದಾಯಿತು. ಸಿಟ್ಟಾದ ಸದಸ್ಯರು ಎದುರಾಳಿ ರೆಡ್ಡಿಟ್‌ನ ಕೊಂಡಿಗಳಿಂದಲೇ ಡಿಗ್‌ನ ಮುಖಪುಟ ತುಂಬಿಸಿ, ಅಲ್ಲಿಗೇ ವಲಸೆ ಹೋದರು. 2012ರಲ್ಲಿ ಡಿಗ್ ಬಿಡಿಬಿಡಿಯಾಗಿ ಮಾರಾಟವಾಯಿತು.

ಇದಕ್ಕೆ ಹಳಬರ ಹಟಮಾರಿತನ ಕಾರಣ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಂಪನಿಗಳು ಎಣಿಸುವುದು ಹೊಸದಾಗಿ ಬಂದವರೆಷ್ಟು, ಜಾಹೀರಾತು ನೋಡಿದವರೆಷ್ಟು ಎಂದು. ಎಲ್ಲ ಚರ್ಚಾತಾಣಗಳಲ್ಲೂ ಬರೆಯುವವರು ಕಡಿಮೆ, ಓದಿ ಹೋಗುವವರೇ ಜಾಸ್ತಿ. ಹಾಗಾಗಿ ಬರೆಯುವವರು ಮುನಿಸಿಕೊಂಡು ಹೋದರೆ ಆ ಲೆಕ್ಕದಲ್ಲಿ ಮೊದಮೊದಲು ಏನೂ ಕಾಣುವುದಿಲ್ಲ. ಓದಲು ಏನೂ ಉಳಿದಿಲ್ಲವೆಂದು ಓದುಗರೂ ಹೊರಟಾಗ ಕಾಣುತ್ತದೆ, ಅಷ್ಟರಲ್ಲಿ ಕರೆಯಲು ಯಾರೂ ಇರುವುದಿಲ್ಲ.

ಡಿಗ್‌ನಿಂದ ಬಂದವರನ್ನು ಬರಮಾಡಿಕೊಂಡ ರೆಡ್ಡಿಟ್ 2018ರಲ್ಲಿ ತಾನೂ ವೇಷ ಬದಲಿಸಿತು, ಆದರೆ ಹಳೆಯ ರೂಪವನ್ನು ಬೇರೆ ವಿಳಾಸದಲ್ಲಿ ಉಳಿಸಿಕೊಂಡಿತು. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಹೊಸ ರೂಪ ಬಂದಾಗ ಸಂಪಾದಕರ ನಡುವೆ ದೊಡ್ಡ ಜಗಳವೇ ಆಯಿತು. ಆದರೂ ಖಾತೆ ಇದ್ದವರಿಗೆ ಹಳೆಯದಕ್ಕೆ ಮರಳುವ ದಾರಿ ತೆರೆದೇ ಇತ್ತು. ನಿಮ್ಮಲ್ಲಿ ಕನ್ನಡ ವಿಕಿಪೀಡಿಯಕ್ಕೆ ಬರೆಯುವವರು ಯಾರಾದರೂ ಇದ್ದರೆ ನಿಮ್ಮ ಖಾತೆಯ ಆಯ್ಕೆಗಳ ಪುಟವನ್ನು ಒಮ್ಮೆ ತೆರೆದು ನೋಡಿ. 2010ರ ವೆಕ್ಟರ್ ಎಂಬ ಹಳೆಯ ರೂಪ ಅಲ್ಲಿದೆ, ಅದಕ್ಕೂ ಹಿಂದಿನ ಮಾನೊಬುಕ್ ಎಂಬ ರೂಪ ಕೂಡ ಇದೆ. ಇಷ್ಟು ವರ್ಷ ಅವನ್ನು ಕೆಡದಂತೆ ನೋಡಿಕೊಳ್ಳಲು ಯಾರೋ ಕೆಲಸ ಮಾಡುತ್ತಲೇ ಇದ್ದಾರೆ. ಆ ಕೆಲಸಕ್ಕೂ ನಿಮ್ಮ ಯೋಜನೆಯಲ್ಲಿ ಸಮಯ, ಹಣ ಎತ್ತಿಡಿ ಎಂದು ಕೇಳಲಿಕ್ಕೇ ನಾನು ಬಂದದ್ದು.