ಮುನ್ನೂರರ ಗಡಿ: ಪ್ರತಿಪಕ್ಷವಿಲ್ಲದ ಸದನದಲ್ಲಿ ಅಂಗೀಕಾರವಾದ ಕಾರ್ಮಿಕ ಸಂಹಿತೆಗಳು

2020ರ ಸೆಪ್ಟೆಂಬರ್ 23ರಂದು ರಾಜ್ಯಸಭೆ ಮೂರು ಕಾರ್ಮಿಕ ಸಂಹಿತೆಗಳಿಗೆ, ಅಂದರೆ ಹಲವು ಹಳೆಯ ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ಹೊಸ ಕಾನೂನುಗಳಿಗೆ, ಧ್ವನಿಮತದ ಒಪ್ಪಿಗೆ ನೀಡಿದಾಗ ಪ್ರತಿಪಕ್ಷಗಳ ಬಹುಪಾಲು ಆಸನಗಳು ಖಾಲಿಯಾಗಿದ್ದವು. ಅದೇ ವಾರ ಬೆಂಗಳೂರಿನಲ್ಲಿ, ಪ್ರತಿಪಕ್ಷಗಳು ಸದನದಲ್ಲಿ ಹಾಜರಿದ್ದಾಗ, ಆ ಸಂಹಿತೆಗಳ ಅತ್ಯಂತ ವಿವಾದಿತ ಅಂಶವನ್ನೇ ಒಳಗೊಂಡಿದ್ದ ರಾಜ್ಯದ ಮಸೂದೆಯೊಂದು ವಿಧಾನ ಪರಿಷತ್ತಿನಲ್ಲಿ ಸೋತಿತು. ಈ ಎರಡನ್ನೂ ಜೊತೆಗಿಟ್ಟು ನೋಡಿದವರು ಕಡಿಮೆ. ಐದು ವರ್ಷ ಕಡತದಲ್ಲೇ ಉಳಿದಿದ್ದ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದರಿಂದ, ಸದನದಲ್ಲಿ ಏನನ್ನು ಚರ್ಚಿಸಲಾಯಿತು ಮತ್ತು ಏನನ್ನು ಚರ್ಚಿಸದೆ ಬಿಡಲಾಯಿತು ಎಂಬುದು ಈಗ ಇತಿಹಾಸದ ವಿಷಯ ಮಾತ್ರವಾಗಿ ಉಳಿದಿಲ್ಲ. ಅದು ಪ್ರತಿ ತಿಂಗಳ ಸಂಬಳದ ಪಟ್ಟಿಯ ವಿಷಯವಾಗಿದೆ.

ನಾನು ಪೀಣ್ಯ ಮತ್ತು ಅದರ ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳ ಹಾಜರಿ ಪುಸ್ತಕ, ಪಿಎಫ್ ಚಲನ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಮತ್ತು ಸಂಬಳದ ಲೆಕ್ಕವನ್ನು ನೋಡಿಕೊಳ್ಳುವ ಕೆಲಸ ಮಾಡುವವನು. ಮಾಲೀಕರ ಮಾತನ್ನೂ ಕೇಳುತ್ತೇನೆ, ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದು ಬೆಂಚಿನ ಮೇಲೆ ಕಾಯುವ ಕಾರ್ಮಿಕರ ಮಾತನ್ನೂ ಕೇಳುತ್ತೇನೆ. ಈ ವಿಡಿಯೊದಲ್ಲಿ ಕಾಣುವ ಬೀದಿಗಳು, ಷೆಡ್ಡುಗಳು ನನ್ನ ದಿನನಿತ್ಯದ ದಾರಿ. ಒಳಗೆ ಕೆಲಸ ಮಾಡುವವರ ಮುಖಗಳನ್ನು ಬೇಕೆಂದೇ ತೋರಿಸಿಲ್ಲ.

ಮೊದಲು ಆ ವಿವಾದಿತ ಅಂಶವನ್ನು ನೋಡೋಣ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ, 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ ಅಥವಾ ಪ್ಲಾಂಟೇಶನ್ ತನ್ನ ಕಾರ್ಮಿಕರನ್ನು ಲೇ ಆಫ್ ಮಾಡಲು (ಕೆಲಸ ಕೊಡದೆ ತಾತ್ಕಾಲಿಕವಾಗಿ ಹೊರಗಿಡಲು), ಕೆಲಸದಿಂದ ತೆಗೆಯಲು ಅಥವಾ ಘಟಕವನ್ನೇ ಮುಚ್ಚಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತು. ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ 100ನ್ನು 300ಕ್ಕೆ ಏರಿಸಿತು. ಮೂಲಭೂತ ಸಂಗತಿಯೊಂದನ್ನು ಇಲ್ಲಿ ಹೇಳಿಬಿಡಬೇಕು: ಈ ಅನುಮತಿಯ ನಿಯಮ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಈಗಲೂ ಹಾಗೆಯೇ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಜನರನ್ನು ತೆಗೆದಾಗಲೆಲ್ಲ ಸರ್ಕಾರ ಅನುಮತಿ ಕೊಟ್ಟಿದ್ದು ಹೇಗೆ ಎಂದು ನನ್ನನ್ನು ಕೇಳುವವರಿದ್ದಾರೆ. ಅಲ್ಲಿ ಅಂಥ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ.

ಈಗ ತೆರೆಯ ಮೇಲಿರುವುದು ಫ್ರೀಡಂ ಪಾರ್ಕ್. ಕಾರ್ಮಿಕ ಸಂಘಟನೆಗಳು ಸಂಹಿತೆಗಳ ವಿರುದ್ಧ ಧ್ವನಿ ಎತ್ತುವುದು ಇಲ್ಲೇ, ಏಕೆಂದರೆ ನಗರದಲ್ಲಿ ಪ್ರತಿಭಟನೆಗೆ ಅವಕಾಶವಿರುವ ಜಾಗ ಇದು. ಹಿಂದೆ ಇದು ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದ ಸಂಸದರು ಬಂಧನದಲ್ಲಿದ್ದದ್ದು ಇಲ್ಲಿ. ಇದನ್ನು ಹೇಳಲು ಕಾರಣವಿದೆ. ಪೂರ್ವಾನುಮತಿಯ ನಿಯಮ ಕಾಯ್ದೆಗೆ ಸೇರಿದ್ದು 1976ರಲ್ಲಿ, ಅಂದರೆ ಪ್ರತಿಪಕ್ಷದ ಪ್ರಮುಖರು ಜೈಲಿನಲ್ಲಿದ್ದ ಕಾಲದಲ್ಲಿ, ಮತ್ತು ಆಗ ಗೊತ್ತುಪಡಿಸಿದ ಸಂಖ್ಯೆ 300 ಆಗಿತ್ತು. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ಹಾಗಾಗಿ 2020ರಲ್ಲಿ ಆದದ್ದು ಹೊಸ ಸಂಖ್ಯೆಯ ಆವಿಷ್ಕಾರವಲ್ಲ, ಹಳೆಯ ಸಂಖ್ಯೆಗೆ ಮರಳಿದ್ದು. ಒಮ್ಮೆ ಪ್ರತಿಪಕ್ಷ ಜೈಲಿನಲ್ಲಿತ್ತು, ಇನ್ನೊಮ್ಮೆ ಬಹಿಷ್ಕಾರದಲ್ಲಿತ್ತು. ಕಾರ್ಮಿಕರ ರಕ್ಷಣೆಗೆಂದು ತಂದ ನಿಯಮವೂ ಅದನ್ನು ಸಡಿಲಿಸಿದ ನಿಯಮವೂ ಪೂರ್ಣ ಪ್ರಮಾಣದ ವಾಗ್ವಾದವಿಲ್ಲದೆ ಬಂದವು ಎಂಬುದನ್ನು ಎರಡೂ ಕಡೆಯವರು ನೆನಪಿಸಿಕೊಳ್ಳಲು ಇಷ್ಟಪಡುವುದಿಲ್ಲ.

ನಡುವಿನ ವರ್ಷಗಳಲ್ಲಿ ಪ್ರಯತ್ನಗಳು ನಡೆಯದೆ ಇರಲಿಲ್ಲ. 2001ರ ಬಜೆಟ್‌ನಲ್ಲಿ ಹಣಕಾಸು ಸಚಿವ ಯಶವಂತ ಸಿನ್ಹಾ ಈ ಮಿತಿಯನ್ನು 1,000ಕ್ಕೆ ಏರಿಸುವ ಪ್ರಸ್ತಾವ ಇಟ್ಟರು, ಅದು ಕಾನೂನಾಗಲಿಲ್ಲ. 2014ರಲ್ಲಿ ರಾಜಸ್ಥಾನ ತನ್ನ ಮಟ್ಟಿಗೆ 300 ಮಾಡಿಕೊಂಡಿತು. ಕಾರ್ಮಿಕ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ, ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯಗಳಿಗೆ ಹೀಗೆ ತಿದ್ದುಪಡಿ ತರುವ ದಾರಿಯಿದೆ. ಇತರ ರಾಜ್ಯಗಳೂ ಅದೇ ದಾರಿ ಹಿಡಿದವು. 2020ರಲ್ಲಿ ಕಾರ್ಮಿಕ ಸಚಿವ ಸಂತೋಷ್ ಗಂಗ್ವಾರ್ ಸಂಸತ್ತಿನಲ್ಲಿ ಮುಂದಿಟ್ಟ ಮುಖ್ಯ ಸಮರ್ಥನೆಯೇ 16 ರಾಜ್ಯಗಳು ಈಗಾಗಲೇ ಮಿತಿಯನ್ನು ಏರಿಸಿವೆ ಎಂಬುದು. ಕರ್ನಾಟಕದಲ್ಲಿ ಯಡಿಯೂರಪ್ಪ ಸರ್ಕಾರ ಆ ವರ್ಷ ಸುಗ್ರೀವಾಜ್ಞೆಯ ಮೂಲಕ 300ರ ಮಿತಿ ತಂದಿತ್ತು. ಆ ಸುಗ್ರೀವಾಜ್ಞೆಯ ಜಾಗಕ್ಕೆ ಬರಬೇಕಿದ್ದ ಮಸೂದೆಯೇ, ಕಾಂಗ್ರೆಸ್ ಮತ್ತು ಜೆಡಿಎಸ್ ಸದಸ್ಯರು ಒಟ್ಟಾಗಿ ವಿರೋಧಿಸಿದ್ದರಿಂದ, ವಿಧಾನ ಪರಿಷತ್ತಿನಲ್ಲಿ ಬಿದ್ದದ್ದು.

ದೆಹಲಿಯಲ್ಲಿ ಏನಾಯಿತು ಎಂಬುದು ಅನೇಕರಿಗೆ ನೆನಪಿರಬಹುದು. ಕೃಷಿ ಮಸೂದೆಗಳ ಅಂಗೀಕಾರದ ವೇಳೆ ರಾಜ್ಯಸಭೆಯಲ್ಲಿ ಗದ್ದಲವಾಗಿ ಎಂಟು ಸದಸ್ಯರ ಅಮಾನತಾಯಿತು. ಅದನ್ನು ಪ್ರತಿಭಟಿಸಿ ಪ್ರತಿಪಕ್ಷಗಳು ಕಲಾಪ ಬಹಿಷ್ಕರಿಸಿದವು. ಕೋವಿಡ್ ಕಾರಣದಿಂದ ಪ್ರಶ್ನೋತ್ತರ ಅವಧಿಯೇ ಇಲ್ಲದಿದ್ದ, ನಿಗದಿಗಿಂತ ಒಂದು ವಾರ ಮೊದಲೇ ಮುಗಿದ ಅಧಿವೇಶನ ಅದು. ಸೆಪ್ಟೆಂಬರ್ 19ರಂದು ಮಸೂದೆಗಳನ್ನು ಲೋಕಸಭೆಯಲ್ಲಿ ಮಂಡಿಸಿದಾಗ ಕಾಂಗ್ರೆಸ್‌ನ ಮನೀಶ್ ತಿವಾರಿ, ಶಶಿ ತರೂರ್ ಮಂಡನೆಯನ್ನೇ ವಿರೋಧಿಸಿದ್ದರು. 22ರಂದು ಲೋಕಸಭೆ, 23ರಂದು ರಾಜ್ಯಸಭೆ ಅಂಗೀಕಾರ ನೀಡಿದವು. ಪ್ರತಿಪಕ್ಷಗಳ ಗೈರುಹಾಜರಿಯಲ್ಲಿ ಈ ಮಸೂದೆಗಳನ್ನು ಅಂಗೀಕರಿಸಬಾರದೆಂದು ರಾಜ್ಯಸಭೆಯ ಪ್ರತಿಪಕ್ಷ ನಾಯಕರಾಗಿದ್ದ ಗುಲಾಂ ನಬಿ ಆಜಾದ್ ಸಭಾಪತಿ ವೆಂಕಯ್ಯ ನಾಯ್ಡು ಅವರಿಗೆ ಪತ್ರ ಬರೆದರು. ಬಹಿಷ್ಕಾರದ ಕಾರಣ ನ್ಯಾಯವಾದದ್ದೇ ಇರಬಹುದು. ಆದರೆ ಬೇರೊಂದು ಕಾನೂನಿನ ಸಿಟ್ಟಿಗೆ ಈ ಕಾನೂನಿನ ಚರ್ಚೆ ಬಲಿಯಾಯಿತು ಎಂಬ ಬೇಸರ ನನಗೆ ಇಂದಿಗೂ ಇದೆ. ಬೀದಿಗಿಳಿದು ಹೇಳಿದ ಮಾತು ಸದನದ ಕಡತಕ್ಕೆ ಸೇರುವುದಿಲ್ಲ.

ಸದನದೊಳಗೆ ನಡೆಯಬೇಕಿದ್ದ ವಾದ ಯಾವುದು? ಉದ್ಯಮದ ಪರವಾದ ವಾದ ಸರಳವಾಗಿದೆ: ನೂರು ದಾಟಿದ ಕೂಡಲೇ ಕಾರ್ಖಾನೆಯನ್ನು ಮುಚ್ಚುವ ಸ್ವಾತಂತ್ರ್ಯ ಹೋಗುವುದಾದರೆ ಯಾರೂ ನೂರು ದಾಟಲು ಬಯಸುವುದಿಲ್ಲ, ಹಾಗಾಗಿ ನಮ್ಮ ಕಾರ್ಖಾನೆಗಳು ಚಿಕ್ಕದಾಗಿಯೇ ಉಳಿಯುತ್ತವೆ, ಉದ್ಯೋಗವೂ ಬೆಳೆಯುವುದಿಲ್ಲ. ಕಾರ್ಮಿಕ ಸಂಘಟನೆಗಳ ಉತ್ತರವೂ ಅಷ್ಟೇ ನೇರ: ಅನುಮತಿಯ ಭಯವಿರುವುದರಿಂದಲೇ ಮಾಲೀಕರು ಮಾತುಕತೆಗೆ ಬರುತ್ತಾರೆ, ಅದನ್ನು ತೆಗೆದರೆ ಕಾರ್ಮಿಕನ ಕೈಯಲ್ಲಿ ಉಳಿಯುವುದು ವರ್ಷಕ್ಕೆ 15 ದಿನದ ಸಂಬಳದಂತೆ ಸಿಗುವ ಪರಿಹಾರ ಮಾತ್ರ. ಆಡಳಿತ ಪಕ್ಷಕ್ಕೆ ಸೈದ್ಧಾಂತಿಕವಾಗಿ ಹತ್ತಿರದ ಭಾರತೀಯ ಮಜ್ದೂರ್ ಸಂಘವೂ 2020ರಲ್ಲಿ ಈ ಸಂಹಿತೆಗೆ ಆಕ್ಷೇಪ ಎತ್ತಿತ್ತು.

ನಾನು ಕಂಡ ಮಟ್ಟಿಗೆ ಎರಡೂ ವಾದಗಳು ಅರ್ಧ ಸತ್ಯ. ನೂರರ ಮಿತಿಗೆ ಅಂಜಿದ ಮಾಲೀಕರು ಕಾರ್ಖಾನೆಯನ್ನು ಚಿಕ್ಕದಾಗಿ ಇಟ್ಟುಕೊಳ್ಳಲಿಲ್ಲ. ತಮ್ಮ ಮಸ್ಟರ್ ರೋಲಿನಲ್ಲಿ (ಹಾಜರಿ ಪಟ್ಟಿಯಲ್ಲಿ) ತೊಂಬತ್ತು ಚಿಲ್ಲರೆ ಹೆಸರು ಇಟ್ಟುಕೊಂಡು ಉಳಿದವರನ್ನು ಕಂಟ್ರಾಕ್ಟರ್ ಮೂಲಕ ತಂದರು. ಒಂದೇ ಲೇಥಿನ ಮುಂದೆ ಬೆಳಗಿನ ಪಾಳಿಯಲ್ಲಿ ಕಂಪನಿಯ ಕಾರ್ಮಿಕ, ರಾತ್ರಿ ಪಾಳಿಯಲ್ಲಿ ಕಂಟ್ರಾಕ್ಟರ್‌ನ ಕಾರ್ಮಿಕ ನಿಂತಿರುವುದನ್ನು ನೋಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ಗುತ್ತಿಗೆ ಕಾರ್ಮಿಕರ ಪಾಲು ಈ ಶತಮಾನದ ಆರಂಭದಲ್ಲಿ ಐದರಲ್ಲಿ ಒಂದರಷ್ಟಿತ್ತು; ಈಗ ಐದರಲ್ಲಿ ಎರಡರಷ್ಟಿದೆ. ಕಾನೂನು ಕಾಯ್ದದ್ದು ಕಾಯಂ ಕಾರ್ಮಿಕನನ್ನು, ಬೆಳೆಸಿದ್ದು ಗುತ್ತಿಗೆಯನ್ನು. ಇದನ್ನು ಯಾವುದೇ ಪಕ್ಷದ ಸದಸ್ಯ ಸದನದಲ್ಲಿ ಎದ್ದುನಿಂತು ಹೇಳಿದ್ದರೆ, 100 ಸರಿಯೋ 300 ಸರಿಯೋ ಎಂಬ ಚರ್ಚೆ ಗುತ್ತಿಗೆಯ ಕಾರ್ಮಿಕನಿಗೆ ಏನು ಸಿಗಬೇಕು ಎಂಬ ಪ್ರಶ್ನೆಯ ಕಡೆಗೆ ತಿರುಗುತ್ತಿತ್ತು. ಸಂಹಿತೆಗಳಲ್ಲಿ ಆದದ್ದೇನೆಂದರೆ, ಗುತ್ತಿಗೆ ಕಾರ್ಮಿಕರ ಕಾನೂನು ಅನ್ವಯವಾಗುವ ಮಿತಿಯೇ 20ರಿಂದ 50ಕ್ಕೆ ಏರಿತು.

ಇದಕ್ಕಿಂತ ದೊಡ್ಡ ಬದಲಾವಣೆ ನಿಗದಿತ ಅವಧಿಯ ನೇಮಕಾತಿ, ನಮ್ಮ ವಲಯದಲ್ಲಿ ಎಲ್ಲರೂ ಎಫ್‌ಟಿಇ ಎನ್ನುವಂಥದ್ದು. 2016ರಲ್ಲಿ ಸಿದ್ಧ ಉಡುಪು ಉದ್ಯಮಕ್ಕೆ, 2018ರಲ್ಲಿ ಎಲ್ಲ ವಲಯಗಳಿಗೆ ಕೇಂದ್ರ ಸರ್ಕಾರ ಇದನ್ನು ನಿಯಮಗಳ ತಿದ್ದುಪಡಿಯ ಮೂಲಕ ತಂದಿತು. 2020ರ ಸಂಹಿತೆ ಅದನ್ನು ಕಾನೂನಿನ ಭಾಗ ಮಾಡಿತು. ಒಪ್ಪಂದದ ಅವಧಿ ಮುಗಿದಾಗ ಕೆಲಸವೂ ಮುಗಿಯುತ್ತದೆ, ಅದನ್ನು ಕೆಲಸದಿಂದ ತೆಗೆದದ್ದು ಎಂದು ಕಾನೂನು ಪರಿಗಣಿಸುವುದಿಲ್ಲ. ಅಂದರೆ ಸಾವಿರ ಜನರ ಕಾರ್ಖಾನೆಯೂ ಹೊಸಬರನ್ನೆಲ್ಲ ಒಂದು ವರ್ಷದ ಒಪ್ಪಂದದ ಮೇಲೆ ತೆಗೆದುಕೊಂಡರೆ, ಅವಧಿ ಮುಗಿದವರ ಮಟ್ಟಿಗೆ ಯಾರ ಅನುಮತಿಯೂ ಬೇಕಾಗುವುದಿಲ್ಲ. 300ರ ಸುತ್ತ ಇಷ್ಟೆಲ್ಲ ಗಲಾಟೆ ನಡೆಯುವಾಗ ಬೇಲಿಯ ಇನ್ನೊಂದು ಬದಿ ತೆರೆದೇ ಇತ್ತು. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ಕಂಟ್ರಾಕ್ಟರ್‌ನ ಕೈಕೆಳಗೆ ವರ್ಷಗಟ್ಟಲೆ ದುಡಿದವನಿಗೆ ಇದು ಒಂದು ಮೆಟ್ಟಿಲು ಮೇಲೆಯೇ: ಕಾಯಂ ಕಾರ್ಮಿಕನಿಗೆ ಸಿಗುವ ಸೌಲಭ್ಯಗಳೇ ಅವನಿಗೂ ಸಿಗಬೇಕು, ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡಿಗಂಟು) ಸಿಗಬೇಕು. ಹಾಗೆಂದು ಬರೆದಿರುವುದನ್ನು ಕೊಡಿಸುವವರು ಯಾರು ಎಂಬುದು ಬೇರೆ ಪ್ರಶ್ನೆ.

ಮುಷ್ಕರದ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು 2016ರ ಏಪ್ರಿಲ್. ಪಿಎಫ್ ಹಣವನ್ನು ನಿವೃತ್ತಿ ವಯಸ್ಸಿನವರೆಗೆ ಪೂರ್ತಿ ಹಿಂಪಡೆಯುವಂತಿಲ್ಲ ಎಂಬ ಹೊಸ ನಿಯಮದ ಸುದ್ದಿ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹಬ್ಬಿದ ಮೇಲೆ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಯಾವ ದೊಡ್ಡ ಸಂಘಟನೆಯೂ ಅವರನ್ನು ಕರೆದಿರಲಿಲ್ಲ. ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಕಲ್ಲು ತೂರಾಟವೂ ಲಾಠಿ ಪ್ರಹಾರವೂ ನಡೆದ ಆ ದಿನಗಳನ್ನು ನಾನು ವೈಭವೀಕರಿಸುತ್ತಿಲ್ಲ. ಆದರೆ ಆ ಹೆಣ್ಣುಮಕ್ಕಳ ಪರವಾಗಿ ಸಂಸತ್ತಿನಲ್ಲಿ ಮೊದಲೇ ಯಾರಾದರೂ ಪ್ರಶ್ನೆ ಕೇಳಿದ್ದರೆ ಅವರು ರಸ್ತೆಗೆ ಬರಬೇಕಾಗಿರಲಿಲ್ಲ. ಹೊಸ ಸಂಹಿತೆಯ ಪ್ರಕಾರ ಯಾವುದೇ ಕೈಗಾರಿಕೆಯಲ್ಲಿ ಮುಷ್ಕರಕ್ಕೆ 14 ದಿನ ಮುಂಚಿತವಾಗಿ ನೋಟಿಸ್ ಕೊಡಬೇಕು. ಮೊದಲು ಈ ನಿರ್ಬಂಧ ನೀರು, ವಿದ್ಯುತ್‌ನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ಅಂಥ ದಿಢೀರ್ ಪ್ರತಿಭಟನೆಗೆ ಈ ಚೌಕಟ್ಟಿನಲ್ಲಿ ಜಾಗವಿಲ್ಲ.

ಇನ್ನು ಸಣ್ಣ ಉದ್ಯಮಗಳು. ಸಂಹಿತೆ ಜಾರಿಯಾದ ಮೇಲೆ ನನ್ನ ಹಳೆಯ ಗಿರಾಕಿಯೊಬ್ಬರು ಕಚೇರಿಗೆ ಬಂದು ಕುಳಿತವರೇ, "ಸರ್, ನನ್ನ ಹತ್ರ ಇರೋದು ಅರವತ್ತು ಜನ. ಮುನ್ನೂರರ ಲೆಕ್ಕ ಕಟ್ಕೊಂಡು ನಾನೇನ್ ಮಾಡ್ಲಿ? ಬೇಸಿಕ್ ಎಷ್ಟು ಇಡ್ಬೇಕು ಅದನ್ನ ಹೇಳಿ," ಎಂದರು. ಅವರು ಹಿಡಿದದ್ದು ವಿಷಯದ ಬುಡವನ್ನು.

ಸಂಹಿತೆಗಳ ವ್ಯಾಖ್ಯೆಯಂತೆ, ಮನೆಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮೊದಲಾದ, ವೇತನದಿಂದ ಹೊರಗಿಡಬಹುದಾದ ಬಾಬತ್ತುಗಳು ಒಟ್ಟು ಸಂಬಳದ ಶೇ 50ನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕು. ತಿಂಗಳಿಗೆ 40,000 ರೂಪಾಯಿ ಪಡೆಯುವ ಒಬ್ಬ ಸೂಪರ್‌ವೈಸರ್‌ನ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 16,000 ಇದೆ ಎಂದುಕೊಳ್ಳಿ. ಹತ್ತು ವರ್ಷದ ಸೇವೆಗೆ ಹಳೆಯ ಲೆಕ್ಕದಲ್ಲಿ ಅವನ ಗ್ರಾಚ್ಯುಯಿಟಿ ಸುಮಾರು 92,300 ರೂಪಾಯಿ. ಹೊಸ ಲೆಕ್ಕದಲ್ಲಿ ವೇತನ 20,000 ಆಗುವುದರಿಂದ ಅದು ಸುಮಾರು 1,15,400 ಆಗುತ್ತದೆ. ಗ್ರಾಚ್ಯುಯಿಟಿಯನ್ನು ಕೊನೆಯ ವೇತನದ ಆಧಾರದಲ್ಲಿ ಇಡೀ ಸೇವಾವಧಿಗೆ ಲೆಕ್ಕ ಹಾಕುವುದರಿಂದ, ಹೊರೆ ಇಂದಿನಿಂದ ಮುಂದಕ್ಕೆ ಮಾತ್ರವಲ್ಲ, ಕಳೆದ ವರ್ಷಗಳಿಗೂ ಏರುತ್ತದೆ. ಇನ್ಫೊಸಿಸ್ 2025ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕದಲ್ಲಿ ಸಂಹಿತೆಗಳ ಕಾರಣಕ್ಕೆ 1,289 ಕೋಟಿ ರೂಪಾಯಿಯ ಹೊರೆಯನ್ನು ತನ್ನ ಲೆಕ್ಕದಲ್ಲಿ ತೋರಿಸಿತು. ಅಂಥ ಕಂಪನಿಗೆ ಅದು ಒಂದು ತ್ರೈಮಾಸಿಕದ ಲಾಭದಲ್ಲಿ ಆಗುವ ಇಳಿಕೆ. ಗ್ರಾಚ್ಯುಯಿಟಿಗೆಂದು ಪ್ರತ್ಯೇಕ ನಿಧಿಯನ್ನೇ ಇಡದೆ, ಯಾರಾದರೂ ಬಿಟ್ಟುಹೋದಾಗ ಓವರ್‌ಡ್ರಾಫ್ಟ್‌ನಿಂದ ಹಣ ತೆಗೆದು ಕೊಡುವ ಸಣ್ಣ ಘಟಕಕ್ಕೆ ಅದು ಬ್ಯಾಂಕಿನ ಮುಂದೆ ಮತ್ತೆ ಕೂರಬೇಕಾದ ಸಂದರ್ಭ.

ಈ ಹೊರೆ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಬೇಸಿಕ್ ಅನ್ನು ಕುಗ್ಗಿಸಿ ಭತ್ಯೆಗಳನ್ನು ಉಬ್ಬಿಸುವ ಚಾಳಿ ಕಾರ್ಮಿಕನ ವೃದ್ಧಾಪ್ಯದ ಹಣವನ್ನು ತಿನ್ನುತ್ತಿತ್ತು. ಅದಕ್ಕೆ ಕಡಿವಾಣ ಬೇಕಿತ್ತು. ಪಿಎಫ್ ಅನ್ನು 15,000 ರೂಪಾಯಿಯ ಶಾಸನಬದ್ಧ ಮಿತಿಯ ಮೇಲೆ ಕಟ್ಟುವವರ ಕೈಗೆ ಬರುವ ಸಂಬಳ ಕಡಿಮೆಯಾಗುವುದಿಲ್ಲ ಎಂದು ಕಾರ್ಮಿಕ ಸಚಿವಾಲಯವೂ ಸ್ಪಷ್ಟಪಡಿಸಿದೆ. ನನ್ನ ತಕರಾರು ಬೇರೆ. ಶೇ 50ರ ವ್ಯಾಖ್ಯೆಯಿದ್ದ ವೇತನ ಸಂಹಿತೆ 2019ರಲ್ಲಿ ಪ್ರತಿಪಕ್ಷಗಳ ಹಾಜರಿಯಲ್ಲೇ ಅಂಗೀಕಾರವಾಗಿತ್ತು. ಆದರೆ ಆ ವ್ಯಾಖ್ಯೆಯನ್ನು ಗ್ರಾಚ್ಯುಯಿಟಿಗೆ ತಂದು ಜೋಡಿಸಿದ ಸಾಮಾಜಿಕ ಭದ್ರತಾ ಸಂಹಿತೆ ಅಂಗೀಕಾರವಾದದ್ದು 2020ರ ಆ ಎರಡು ದಿನಗಳಲ್ಲಿ. ಹಳೆಯ ಸೇವಾವಧಿಯ ಹೊರೆಯನ್ನು ಸಣ್ಣ ಘಟಕಗಳು ಕಂತಿನಲ್ಲಿ ತುಂಬಬಹುದೇ, ಅವುಗಳಿಗೆ ಎಷ್ಟು ಕಾಲಾವಕಾಶ ಕೊಡಬೇಕು ಎಂದು ಕೇಳಿ ತಿದ್ದುಪಡಿ ಸೂಚಿಸುವುದೇ ಪ್ರತಿಪಕ್ಷದ ಕೆಲಸ. ಆ ಕೆಲಸ ಮಾಡಬೇಕಿದ್ದವರು ಹೊರಗಿದ್ದರು. ಒಳಗಿದ್ದವರಿಗೆ ಅವಸರವಿತ್ತು.

ಸಂಸತ್ತಿನ ಸ್ಥಾಯಿ ಸಮಿತಿ ಮಾತ್ರ ತನ್ನ ಕೆಲಸ ಮಾಡಿತ್ತು ಎಂಬುದನ್ನು ಹೇಳಲೇಬೇಕು. ಭರ್ತೃಹರಿ ಮಹತಾಬ್ ಅಧ್ಯಕ್ಷತೆಯ ಕಾರ್ಮಿಕ ಸ್ಥಾಯಿ ಸಮಿತಿಯು 2020ರ ಏಪ್ರಿಲ್‌ನ ತನ್ನ ವರದಿಯಲ್ಲಿ 300ರ ಮಿತಿಯನ್ನು ಬೆಂಬಲಿಸುತ್ತಲೇ ಒಂದು ಷರತ್ತು ಹಾಕಿತ್ತು: ಸಂಖ್ಯೆಯನ್ನು ಕಾನೂನಿನಲ್ಲೇ ಬರೆಯಬೇಕು, ಅಧಿಸೂಚನೆಯ ಮೂಲಕ ಬದಲಿಸುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಡಬಾರದು. ಅಂತಿಮ ಕಾನೂನು ಸಮಿತಿಯ ಮೊದಲ ಮಾತನ್ನು ಒಪ್ಪಿ ಎರಡನೆಯದನ್ನು ಬಿಟ್ಟಿತು. ಸಂಹಿತೆಯ ಹತ್ತನೇ ಅಧ್ಯಾಯದಲ್ಲಿ 300 ಎಂಬುದರ ಜೊತೆಗೆ, ಸಂಬಂಧಪಟ್ಟ ಸರ್ಕಾರ ಅಧಿಸೂಚಿಸುವ ಅದಕ್ಕಿಂತ ಹೆಚ್ಚಿನ ಸಂಖ್ಯೆ ಎಂಬ ಮಾತೂ ಇದೆ. ಪೀಣ್ಯದ, ಬೊಮ್ಮಸಂದ್ರದ, ಬಿಡದಿಯ ಖಾಸಗಿ ಕಾರ್ಖಾನೆಗಳ ಮಟ್ಟಿಗೆ ಆ ಸರ್ಕಾರವೆಂದರೆ ರಾಜ್ಯ ಸರ್ಕಾರ. 2020ರಲ್ಲಿ 300ಕ್ಕೆ ಏರಿಸಲು ಮಸೂದೆ ತಂದು ಪರಿಷತ್ತಿನಲ್ಲಿ ಸೋಲಬೇಕಾಯಿತು. ಮುಂದೆ ಯಾವುದೇ ಪಕ್ಷದ ಸರ್ಕಾರ ಅದನ್ನು 500 ಅಥವಾ 1,000 ಮಾಡಲು ಹೊರಟರೆ ಮಸೂದೆಯ ಅಗತ್ಯವಿಲ್ಲ, ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಸಾಕು.