ಬರೀ ಆಟ ಆಯ್ತು, ಪಾಠ ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ತಿಂಗಳು ಬಂತೆಂದರೆ ನನಗೊಂದು ಪ್ರಶ್ನೆ ತಪ್ಪಿದ್ದಲ್ಲ. "ಮೇಡಂ, ಮಗು ಮನೆಗೆ ಬಂದು ಬರೀ ಹಾಡು ಹೇಳುತ್ತೆ, ಕುಣಿಯುತ್ತೆ. ಅ ಆ ಇ ಈ ಬರೆಸೋದು ಯಾವಾಗ?" ಈ ಸಲ ಒಂದನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಇದೇ ಮಾತು ಕೇಳಲು ಶಾಲೆಯ ಬಾಗಿಲಿಗೇ ಬಂದರು. ಕೋಪ ಇತ್ತು. ಇರಬೇಕಾದ್ದೇ. ಕೂಲಿ ಮಾಡಿ ಮೊಮ್ಮಗಳನ್ನು ಸಾಕುತ್ತಿರುವವರು ಅವರು. ಮಗು ನಾಲ್ಕಕ್ಷರ ಕಲೀಲಿ ಅನ್ನೋ ಆಸೆ ಅವರಿಗೆ ನನಗಿಂತ ಜಾಸ್ತಿ.

ನಾನು ನಲಿ-ಕಲಿ ಟೀಚರ್, ಅಂದರೆ ಆಟ, ಹಾಡು, ಕಾರ್ಡುಗಳ ಮೂಲಕವೇ ಪಾಠ ಕಲಿಸುವವಳು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಈ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಯವರು ನಡೆಸುತ್ತಿದ್ದ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡುಗಳನ್ನು ಮಾಡಿದರು. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ನಮ್ಮಲ್ಲಿ ಅಕ್ಷರ ಅ ಆ ಇ ಈ ಅಂತ ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಯಾಕೆ ಗೊತ್ತಾ? ಈ ಐದು ಬಂದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಎಲ್ಲ ಓದುತ್ತದೆ. ವರ್ಣಮಾಲೆ ಪೂರ್ತಿ ಮುಗಿಯಲಿ ಅಂತ ಕಾಯಬೇಕಿಲ್ಲ. "ಗ-ರ-ಗ-ಸ" ಅಂತ ಒಂದೊಂದೇ ಕಾರ್ಡು ಜೋಡಿಸಿ, ಆಮೇಲೆ ಥಟ್ಟನೆ "ಗರಗಸ!" ಅಂತ ಕೂಗುವ ಮಗುವಿನ ಮುಖವನ್ನು ನೀವೊಮ್ಮೆ ನೋಡಬೇಕು.

ಅಜ್ಜಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. "ಒಂದು ಗಳಿಗೆ ಕೂತು ನೋಡಿ ಅಜ್ಜಿ" ಅಂದೆ. ಮಕ್ಕಳು ಹುಣಸೆ ಬೀಜ ಎಣಿಸುತ್ತಿದ್ದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ನಾಲ್ಕು ಬೀಜ ಎತ್ತಿಕೊಂಡು ಬಾಗಿಲ ಬಳಿಯ ಕಲ್ಲಿಗೆ ಹೋದರು. ಒಂದೊಂದನ್ನೂ ಬೆರಳಲ್ಲಿ ಒತ್ತಿ ಹಿಡಿದು ಉಜ್ಜಿದರು. ಕಂದು ಸಿಪ್ಪೆ ಹೋಗಿ ಒಂದು ಮಗ್ಗುಲು ಬೆಳ್ಳಗಾಯಿತು. ಸೆರಗಲ್ಲಿ ಒರೆಸಿ, "ಸೀಮೆಸುಣ್ಣ ಕೊಡವ್ವ" ಅಂದರು.

ಚೌಕಾಬಾರ! ಐದಕ್ಕೈದು, ಇಪ್ಪತ್ತೈದು ಮನೆ ಬರೆದರು. ಬೀಜ ಹಾಕಿದಾಗ ಬಿಳಿ ಮಗ್ಗುಲು ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು, ಅದು ಬಾರ. ಮೊಮ್ಮಗಳ ಕಾಯಿಗೂ ಎದುರಿನ ಹುಡುಗನ ಕಾಯಿಗೂ ಆರು ಮನೆ ಅಂತರ. ಅವಳಿಗೆ ಚೌಕ ಬಿತ್ತು. ಚೌಕ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಅಜ್ಜಿ ಮೆಲ್ಲಗೆ ಕೇಳಿದರು, "ಇನ್ನೆಷ್ಟು ಬಿದ್ರೆ ಅವನ ಕಾಯಿ ಹೊಡೀತೀಯ?" ಅವಳು ಮನೆಗಳ ಮೇಲೆ ಕಣ್ಣೋಡಿಸಿದಳು, ಬೆರಳು ಮಡಚಿದಳು. "ಎರಡು!"

ಆರರಲ್ಲಿ ನಾಲ್ಕು ಕಳೆಯುವುದು ಅಂದರೆ ಇದೇ ಅಲ್ವಾ? ಅದೇ ಲೆಕ್ಕವನ್ನು ನಾನು ಆ ವಾರವೆಲ್ಲ ಹಲಗೆಯ ಮೇಲೆ ಬರೆಸಿದ್ದೆ. ಆಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲಿ ಎರಡು ಯಾಕೆ ಬೇಕು ಅನ್ನೋದು ಅವಳಿಗೆ ಗೊತ್ತಿತ್ತು.

ಆ ದಿನದಿಂದ ನನ್ನ ಪೋಷಕರ ಸಭೆಯೇ ಬದಲಾಯಿತು. ಮೊದಲೆಲ್ಲ 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ತಾಯಂದಿರು ಬರುತ್ತಿದ್ದರು, ಗೋಡೆಗೆ ಒರಗಿ ಕೂರುತ್ತಿದ್ದರು, ನಾನು ಹೇಳಿದ್ದಕ್ಕೆಲ್ಲ ಹೂಂ ಅಂದು ಸಹಿ ಹಾಕಿ ಹೊರಡುತ್ತಿದ್ದರು. ತಪ್ಪು ನನ್ನದೇ, ಅವರನ್ನು ನಾನು ಏನೂ ಕೇಳುತ್ತಲೇ ಇರಲಿಲ್ಲ. ಈಗ ಅವರನ್ನು ಮಕ್ಕಳ ಪಕ್ಕದಲ್ಲೇ ಕೂರಿಸಿ ಕಾರ್ಡು ಕೈಗೆ ಕೊಡುತ್ತೇನೆ. "ನಂಗೆ ಓದೋಕೆ ಬರಲ್ಲ ಮೇಡಂ" ಅಂದವರಿಗೆ, "ನಿಮ್ಮ ಮಗಳು ಓದಿ ಹೇಳ್ತಾಳೆ, ನೀವು ಕೇಳಿ" ಅನ್ನುತ್ತೇನೆ. ಕೇಳುವವರೊಬ್ಬರು ಸಿಕ್ಕರೆ ಮಗು ಎಷ್ಟು ಹುರುಪಿನಿಂದ ಓದುತ್ತದೆ ಗೊತ್ತಾ!

ಮನೆಯಲ್ಲಿ ಇದಕ್ಕೆ ದುಡ್ಡು ಬೇಕಾಗಿಲ್ಲ. ಡೈರಿಗೆ ಹಾಲು ಹಾಕಲು ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಡೈರಿ ಪುಸ್ತಕದಲ್ಲಿ ನಿನ್ನೆ ಎಷ್ಟು ಲೀಟರ್, ಇವತ್ತು ಎಷ್ಟು ಅಂತ ಅದರ ಕೈಲೇ ಓದಿಸಿ. ಅವರೆಕಾಯಿ ಸುಲಿಯುವಾಗ ಒಂದು ಕಾಯಿಯಲ್ಲಿ ಎಷ್ಟು ಕಾಳು ಇರಬಹುದು ಅಂತ ಮೊದಲೇ ಊಹಿಸಲು ಹೇಳಿ. ತಪ್ಪಿದರೆ ನಗಿ, ಬೈಬೇಡಿ. ಎಷ್ಟೋ ಮಕ್ಕಳು ಮನೆಯಲ್ಲಿ ಬೈಸಿಕೊಂಡ ಭಯಕ್ಕೇ ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ. ಇದು ನನ್ನನ್ನು ತುಂಬಾ ನೋಯಿಸುತ್ತದೆ.

ಕಷ್ಟಗಳೂ ಇವೆ. ಮೂರು ತರಗತಿಗೆ ಒಬ್ಬಳೇ ಟೀಚರ್ ಅಂದರೆ ಒಂದು ಗುಂಪಿನ ಹತ್ತಿರ ಕೂತಾಗ ಇನ್ನೊಂದು ಗುಂಪು ಕಾಯುತ್ತಿರುತ್ತದೆ. ಅದಕ್ಕೇ ನನಗೆ ಈ ಅಜ್ಜಿಯಂಥವರು ಬೇಕು.

ನಾಳೆ ಶನಿವಾರ, ಬೆಳಗಿನ ಶಾಲೆ. ಕೂಲಿಗೆ ಹೋಗುವ ಮುಂಚೆ ಒಂದು ಗಂಟೆ ಬರ್ತೀನಿ ಅಂತ ಅಜ್ಜಿ ಅಂದಿದ್ದಾರೆ. ಬೀಜ ಅವರೇ ಉಜ್ಜಿ ತರ್ತಾರಂತೆ.

ನಮಸ್ಕಾರ.