ವಯಸ್ಸಿಗೆ ಸಹಜವಾದ ಕಿವಿ

ಮಾನ್ಯರೇ,

ಶ್ರವಣ ಪರೀಕ್ಷೆಯ ವರದಿಯಲ್ಲಿ ‘ವಯಸ್ಸಿಗೆ ಸಹಜ’ ಎಂಬ ಷರಾ ಕಂಡು ನೆಮ್ಮದಿಪಡುವವರು ಬಹಳ. ಆದರೆ ಆ ಮಾತು ಸರೀಕರ ಜೊತೆಗಿನ ಹೋಲಿಕೆಯೇ ಹೊರತು, ಕಿವಿ ಚೆನ್ನಾಗಿದೆ ಎಂಬ ಪ್ರಮಾಣಪತ್ರವಲ್ಲ.

ಆರೋಗ್ಯವಂತ ಯುವಕ ಯುವತಿಯರಿಗೆ ಕೇಳಿಯೂ ಕೇಳದಂತಿರುವ ಅತಿ ಮೆಲುವಾದ ಸದ್ದನ್ನು ಸೊನ್ನೆ ಡೆಸಿಬೆಲ್ ಎಂದಿಟ್ಟುಕೊಂಡು, ಅಲ್ಲಿಂದ ಕುಂದನ್ನು ಅಳೆಯುತ್ತಾರೆ. ಕಿವಿಯ ರೋಗವಾಗಲಿ ವಿಪರೀತ ಗದ್ದಲದ ಹಿನ್ನೆಲೆಯಾಗಲಿ ಇಲ್ಲದವರಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 7029ರ 2000ರ ಆವೃತ್ತಿಯ ಪ್ರಕಾರ, ಈ ಕುಂದು 18ರ ವಯಸ್ಸಿನಿಂದಾಚೆ ಕಳೆದ ವರ್ಷಗಳ ವರ್ಗಕ್ಕೆ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ ಲಬ್ಧಕ್ಕೆ) ಅನುಗುಣವಾಗಿ ಏರುತ್ತದೆ. 4000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 4000 ಕಂಪನಗಳ ತಾರಸ್ವರದಲ್ಲಿ, ಗಂಡಸರ ಮಧ್ಯಮ ಕುಂದು (ಅರ್ಧ ಜನರದು ಇದಕ್ಕಿಂತ ಹೆಚ್ಚು, ಅರ್ಧ ಜನರದು ಕಡಿಮೆ) 40ರಲ್ಲಿ ಸುಮಾರು 8 ಡೆಸಿಬೆಲ್, 60ರಲ್ಲಿ 28. ಹೆಂಗಸರದು 60ರಲ್ಲಿ ಸುಮಾರು 16. ಅದೇ 1000 ಹರ್ಟ್ಸ್‌ನಲ್ಲಿ 60ರ ಇಬ್ಬರದೂ 7ರ ಆಸುಪಾಸು. 2017ರಲ್ಲಿ ಮಾನಕ ಪರಿಷ್ಕೃತವಾದರೂ ಗಂಡು ಹೆಣ್ಣಿನ ಲೆಕ್ಕ ಬೇರೆಬೇರೆಯಾಗಿಯೇ ಉಳಿದಿದೆ.

ಈ ಅಂತರವನ್ನು ಗಂಡಸರ ಕೆಲಸದ ಗದ್ದಲಕ್ಕೆ ಕಟ್ಟಿಬಿಡುವುದು ಸುಲಭ. ಅಮೆರಿಕದಲ್ಲಿ 1958ರಲ್ಲಿ ಶುರುವಾಗಿ, 1978ರಿಂದ ಮಹಿಳೆಯರನ್ನೂ ಒಳಗೊಂಡ, ವಯಸ್ಸಾಗುವಿಕೆಯನ್ನು ಕುರಿತ ಬಾಲ್ಟಿಮೋರ್‌ನ ದೀರ್ಘಕಾಲೀನ ಅಧ್ಯಯನದಲ್ಲಿ, ಗದ್ದಲದಿಂದ ಹಾನಿಯಾದ ಕುರುಹಿಲ್ಲದವರಲ್ಲೂ ಗಂಡಸರ ಶ್ರವಣವೇ ಬೇಗ ಕುಂದಿದ್ದು ಕಂಡುಬಂತು. ಗದ್ದಲ ನಿರಪರಾಧಿಯಲ್ಲ, ಆದರೆ ಒಂಟಿ ಅಪರಾಧಿಯೂ ಅಲ್ಲ.

ಶಂಖದಂತೆ ಸುರುಳಿಸುತ್ತಿದ ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ, ಕೂದಲಿನಂಥ ಎಳೆಗಳುಳ್ಳ ಸುಮಾರು 15,000 ರೋಮಕೋಶಗಳಿವೆ. ಮನುಷ್ಯರಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ತಾರಸ್ವರಗಳನ್ನು ಹಿಡಿಯುವ ಕೋಶಗಳು ಸುರುಳಿಯ ಬುಡದಲ್ಲಿವೆ, ಸವೆತ ಸಾಮಾನ್ಯವಾಗಿ ಅಲ್ಲಿಂದಲೇ ಮೊದಲಾಗುತ್ತದೆ. ಮಾತಿನ ಗಟ್ಟಿತನವೆಲ್ಲ ಬಹುಪಾಲು ತಗ್ಗು ಕಂಪನದ ಸ್ವರಗಳಲ್ಲಿ. ಅರ್ಥವನ್ನು ಬೇರ್ಪಡಿಸುವ ಸ, ಶ, ತ, ಕಗಳಂಥ ಕ್ಷೀಣ ಸದ್ದುಗಳ ಗುರುತು ಮೇಲಿನ ಕಂಪನಗಳಲ್ಲಿ. ಆದ್ದರಿಂದ ‘ಆಲು’ ಎಂಬಷ್ಟು ಸ್ಪಷ್ಟವಾಗಿ ಕೇಳಿದರೂ, ಹೇಳಿದ್ದು ‘ಸಾಲು’ವೋ ‘ಕಾಲು’ವೋ ‘ಪಾಲು’ವೋ ಎಂಬುದು ಊಹೆಗೆ ಬಿಟ್ಟ ವಿಷಯವಾಗುತ್ತದೆ. ‘ದನಿ ಕೇಳಿಸ್ತದೆ, ಏನು ಹೇಳ್ತಾರೆ ಅನ್ನೋದು ಗೊತ್ತಾಗಲ್ಲ’ ಎಂಬ ಹಿರಿಯರ ದೂರನ್ನು ಮನೆಯವರು ಅಲಕ್ಷ್ಯವೆಂದೋ ಮರೆವೆಂದೋ ತಿಳಿಯುವುದುಂಟು, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಕರಾರುವಾಕ್ಕಾದ ವಿವರಣೆಯೇ ಇಲ್ಲ.

ಇನ್ನೊಂದು ವಿಚಿತ್ರವಿದೆ. ‘ಸ್ವಲ್ಪ ಜೋರಾಗಿ ಹೇಳು’ ಎಂದ ಅಜ್ಜನೇ, ಮೊಮ್ಮಗಳು ದನಿ ಏರಿಸಿದೊಡನೆ ‘ಕಿರುಚಬೇಡ, ನಾನೇನು ಕಿವುಡನೇ?’ ಎನ್ನುತ್ತಾನೆ. ಹೊರಸಾಲಿನ ರೋಮಕೋಶಗಳು ಮೆಲುಸದ್ದನ್ನು ಮಾತ್ರ ಹಿಗ್ಗಿಸಿಕೊಡುತ್ತವೆ. ಅವು ಸೊರಗಿದಾಗ ಪಿಸುಮಾತು ಕಳೆದುಹೋಗುತ್ತದೆ, ಜೋರು ಸದ್ದು ಮಾತ್ರ ಹಿಂದಿನಷ್ಟೇ ಜೋರಾಗಿ ಬಡಿಯುತ್ತದೆ. ಹೀಗಾಗಿ ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಆಡಿದ ಮಾತು ಕೂಗಿಗಿಂತ ಚೆನ್ನಾಗಿ ತಲುಪುತ್ತದೆ.

ಈ ಯಾವ ಕಷ್ಟವೂ ನಿಶ್ಶಬ್ದ ಕೋಣೆಯಲ್ಲಿ ಶುದ್ಧ ನಾದಗಳಿಂದ ಮಾಡುವ ಪರೀಕ್ಷೆಯಲ್ಲಿ ಪೂರ್ತಿ ಸಿಕ್ಕಿಬೀಳುವುದಿಲ್ಲ. ಗದ್ದಲದ ನಡುವೆ ಮಾತು ಎಷ್ಟು ತಿಳಿಯುತ್ತದೆ ಎಂದು ನೋಡುವ ಪರೀಕ್ಷೆ ಬೇರೆಯೇ ಇದೆ. ‘ವಯಸ್ಸಿಗೆ ಸಹಜ’ ಎಂಬ ಷರಾ ಪಡೆದೂ ನಾಲ್ಕು ಜನ ಸೇರಿದಲ್ಲಿ ತಡವರಿಸುವವರು ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ಶ್ರವಣಸಾಧನ ಬೇಕೇ ಎಂಬುದನ್ನು ಆ ಕಷ್ಟವನ್ನೂ ನೋಡಿಯೇ ತೀರ್ಮಾನಿಸಬೇಕು, ಹುಟ್ಟಿದ ಇಸವಿಯನ್ನು ನೋಡಿ ಅಲ್ಲ.